ಏಟನ್ನು ತನ್ನ ಕಡೆ ಎಳೆದುಕೊಳ್ಳುವವರು

ಪೊಕೆಮಾನ್ ವಿಡಿಯೋ ಗೇಮ್‌ನಲ್ಲಿ ಪೊಕೆಮಾನ್ ಅನ್ನುವ ಜೀವಿಗಳನ್ನು ಕಾದಾಡಿಸುತ್ತೇವೆ. ಪ್ರತಿ ಟರ್ನ್, ಅಂದರೆ ಪ್ರತಿ ಸುತ್ತಿಗೂ, ಅವು ಏನು ಮಾಡಬೇಕು ಅಂತ ಒಂದು ಮೂವ್ ಆರಿಸಬೇಕು. ಅಂಥ ಮೂವ್‌ಗಳಲ್ಲಿ ಫಾಲೋ ಮಿ ಅಂತ ಒಂದಿದೆ. ಇದನ್ನು ಬಳಸಿದ ಪೊಕೆಮಾನ್ ಆ ಒಂದು ಟರ್ನ್ ಮಟ್ಟಿಗೆ ಎದುರಾಳಿಗಳ ಗಮನವನ್ನೆಲ್ಲ ತನ್ನ ಕಡೆ ಸೆಳೆದುಕೊಳ್ಳುತ್ತದೆ. ಪಕ್ಕದಲ್ಲಿ ನಿಂತ ಜೊತೆಗಾರನಿಗೆ ಅಂತ ಹೊರಟ ಏಟು ದಾರಿ ಬದಲಿಸಿ ಇದಕ್ಕೆ ಬೀಳುತ್ತದೆ. ಅಷ್ಟೇ ಅದರ ಕೆಲಸ. ಆಟದಲ್ಲಿರುವ ನೂರಾರು ಮೂವ್‌ಗಳಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ. ಯಾಕೆ ಅಂತ ಸ್ವಲ್ಪ ವಿವರವಾಗಿ ಬರೆಯಬೇಕು ಅನ್ನಿಸಿದೆ.

ಒಬ್ಬರಿಗೆ ಒಬ್ಬರು ಎದುರಾಗುವ ಕಾಳಗದಲ್ಲಿ ಈ ಮೂವ್‌ಗೆ ಅರ್ಥವೇ ಇಲ್ಲ. ಏಟು ಬೀಳೋಕೆ ಇರುವುದೇ ಒಬ್ಬ, ಗಮನ ಸೆಳೆದು ಮಾಡೋದೇನು? 2002ರಲ್ಲಿ ರೂಬಿ ಮತ್ತು ಸಫೈರ್ ಆಟಗಳು ಬಂದಾಗ ಡಬಲ್ ಬ್ಯಾಟಲ್ ಶುರುವಾಯಿತು. ಒಂದೊಂದು ಕಡೆ ಇಬ್ಬಿಬ್ಬರು. ಫಾಲೋ ಮಿ ಬಂದದ್ದೂ ಅದೇ ಆಟಗಳಲ್ಲಿ. ಡಬಲ್ಸ್‌ನಲ್ಲಿ ಪ್ರತಿ ಟರ್ನ್‌ಗೂ ಎರಡು ಕಡೆಯವರು ಗುಟ್ಟಾಗಿ ತಮ್ಮ ಮೂವ್ ಆರಿಸುತ್ತಾರೆ. ಯಾರಿಗೆ ಹೊಡೆಯಬೇಕು ಅಂತಲೂ ಆಗಲೇ ಹೇಳಿಬಿಡಬೇಕು. ಆಮೇಲೆ ಎಲ್ಲವೂ ಒಂದಾದ ಮೇಲೊಂದು ನಡೆಯುತ್ತದೆ. ನಡುವೆ ಮನಸ್ಸು ಬದಲಿಸೋಕೆ ಆಗಲ್ಲ.

ಇಲ್ಲಿ ಎಲ್ಲರಿಗೂ ಮೊದಲು ಹೊಳೆಯುವ ತಂತ್ರ ಅಂದರೆ ಇಬ್ಬರೂ ಸೇರಿ ಒಬ್ಬನ ಮೇಲೆ ಬೀಳುವುದು. ಎದುರಿಗಿರುವ ಇಬ್ಬರಲ್ಲಿ ಅಪಾಯದವನು ಯಾರು ಅಂತ ನೋಡಿ, ಎರಡು ಏಟು ಒಟ್ಟಿಗೆ ಕೊಟ್ಟರೆ ಎಂಥಾ ಗಟ್ಟಿಯವನೂ ಸಾಮಾನ್ಯವಾಗಿ ಉರುಳುತ್ತಾನೆ. ಡಬಲ್ಸ್ ಆಟದ ಅರ್ಧ ಲೆಕ್ಕಾಚಾರ ಇದರ ಸುತ್ತಲೇ ಇದೆ. ಫಾಲೋ ಮಿ ಕೈ ಹಾಕುವುದು ನೇರವಾಗಿ ಈ ಲೆಕ್ಕಕ್ಕೇ.

ಇದು ಕೆಲಸ ಮಾಡಬೇಕಾದರೆ ಏಟುಗಳಿಗಿಂತ ಮೊದಲು ನಡೆಯಬೇಕು ಅಲ್ವಾ. ಅದಕ್ಕೇ ಇದಕ್ಕೆ ಆದ್ಯತೆ ಕೊಟ್ಟಿದ್ದಾರೆ. ಸಾಮಾನ್ಯ ಮೂವ್‌ಗಳ ಆದ್ಯತೆ 0. ಅವುಗಳ ನಡುವೆ ಯಾರು ವೇಗವೋ ಅವರು ಮೊದಲು. ಫಾಲೋ ಮಿ ಆದ್ಯತೆ ಈಗ +2. ಹಾಗಾಗಿ ಎಷ್ಟೇ ನಿಧಾನದ ಪೊಕೆಮಾನ್ ಬಳಸಿದರೂ ಅದು ಮಾಮೂಲಿ ಏಟುಗಳಿಗಿಂತ ಮುಂಚೆ ಜಾರಿಗೆ ಬರುತ್ತದೆ. ಮೊದಲು ಇದು +3 ಇತ್ತು. 2013ರಲ್ಲಿ ಎಕ್ಸ್ ಮತ್ತು ವೈ ಆಟಗಳಿಂದ +2ಕ್ಕೆ ಇಳಿಸಿದರು. ಒಂದೇ ಅಂಕಿ ಇಳಿದದ್ದು, ಆದರೆ ಪರಿಣಾಮ ದೊಡ್ಡದು. ಫೇಕ್ ಔಟ್ ಅನ್ನುವ ಮೂವ್ ಆದ್ಯತೆ +3. ಅದು ತಗುಲಿದವನು ಬೆಚ್ಚಿಬಿದ್ದು ಆ ಟರ್ನ್ ಸುಮ್ನೆ ನಿಲ್ಲುತ್ತಾನೆ. ಕಣಕ್ಕೆ ಇಳಿದ ಮೊದಲ ಟರ್ನ್‌ನಲ್ಲಿ ಮಾತ್ರ ಇದನ್ನು ಬಳಸಬಹುದು. ಅಂದರೆ ಈಗ ಎದುರಾಳಿ ಹತ್ತಿರ ಫೇಕ್ ಔಟ್ ಇದ್ದರೆ ಗಮನ ಸೆಳೆಯುವವನು ಬಾಯಿ ತೆಗೆಯುವ ಮೊದಲೇ ಅವನನ್ನು ತಡೆಯಬಹುದು. ನನ್ನ ಪ್ರಕಾರ ಈ ಬದಲಾವಣೆ ಆಟಕ್ಕೆ ಒಳ್ಳೆಯದೇ ಮಾಡಿತು. ಕಾಪಾಡುವವನನ್ನು ಕಾಪಾಡುವುದು ಹೇಗೆ ಅಂತ ಯೋಚಿಸುವ ಅಗತ್ಯ ಬಂತು.

ಪ್ರೊಟೆಕ್ಟ್ ಅನ್ನುವ ಮೂವ್ ಜೊತೆ ಹೋಲಿಸಿದರೆ ಇನ್ನೂ ಒಂದು ವಿಷಯ ಕಾಣುತ್ತದೆ. ಪ್ರೊಟೆಕ್ಟ್ ಬಳಸಿದವನು ತನ್ನನ್ನು ತಾನು ಕಾಪಾಡಿಕೊಳ್ಳುತ್ತಾನೆ. ಆದರೆ ಅದನ್ನು ಬೆನ್ನುಬೆನ್ನಿಗೆ ಬಳಸಿದರೆ ಎರಡನೇ ಸಲ ಫಲಿಸುವ ಸಾಧ್ಯತೆ ಮೂರರಲ್ಲಿ ಒಂದಕ್ಕೆ ಇಳಿಯುತ್ತದೆ. ಫಾಲೋ ಮಿಗೆ ಈ ಕಡಿವಾಣ ಇಲ್ಲ. ಮೈಯಲ್ಲಿ ಕಸುವು ಇರುವವರೆಗೂ ಪ್ರತಿ ಟರ್ನ್ ಬಳಸಬಹುದು. ಅದರ ಬೆಲೆಯನ್ನು ಬಳಸುವವನ ದೇಹವೇ ಕೊಡುತ್ತಿದೆ. ಹಾಗಿರುವಾಗ ಬೇರೆ ಮಿತಿ ಯಾಕೆ ಬೇಕು?

ಈಗ ನಾನು ಹೇಳಬೇಕು ಅಂದುಕೊಂಡಿರುವ ಮುಖ್ಯ ಮಾತು. ಹೊಸಬರು ಇದನ್ನು ಏಟು ತಡೆಯುವ ಮೂವ್ ಅಂತ ನೋಡುತ್ತಾರೆ. ನನಗೆ ಇದು ಜೊತೆಗಾರನಿಗೆ ಒಂದು ಟರ್ನ್ ಬಿಡುವು ಕೊಡಿಸುವ ಮೂವ್ ಅನ್ನಿಸುತ್ತದೆ. ಏಟು ತಪ್ಪಿತು ಅನ್ನುವುದಕ್ಕಿಂತ, ಆ ತಪ್ಪಿದ ಹೊತ್ತಿನಲ್ಲಿ ಜೊತೆಗಾರ ಏನು ಮಾಡಿದ ಅನ್ನುವುದು ಮುಖ್ಯ. ಜೊತೆಗಾರನಿಗೆ ಮಾಡೋಕೆ ದೊಡ್ಡದೇನೂ ಇಲ್ಲದಿದ್ದರೆ ಫಾಲೋ ಮಿ ಒಂದು ವ್ಯರ್ಥ ಟರ್ನ್.

ಒಂದು ಟರ್ನ್ ಹತ್ತಿರದಿಂದ ನೋಡೋಣ. ನಮ್ಮ ಕಡೆ ಪಾಚಿರಿಸು ಮತ್ತು ಗ್ಯಾರಡೋಸ್. ಪಾಚಿರಿಸು ಪುಟ್ಟ ಅಳಿಲಿನಂಥ ವಿದ್ಯುತ್ ಪೊಕೆಮಾನ್. ಅದರ ಮೂಲ ಸಾಮರ್ಥ್ಯಗಳನ್ನೆಲ್ಲ ಕೂಡಿಸಿದರೆ 405. ಗ್ಯಾರಡೋಸ್ 540. ಗ್ಯಾರಡೋಸ್ ನೀರು ಮತ್ತು ಹಾರುವ ಜಾತಿ ಎರಡೂ ಆಗಿರುವುದರಿಂದ ವಿದ್ಯುತ್ ಏಟು ಅದಕ್ಕೆ ನಾಲ್ಕು ಪಟ್ಟು ತಗುಲುತ್ತದೆ. ಎದುರಿಗೆ ಗಾರ್ಚಾಂಪ್ ಮತ್ತು ವಾಶ್ ರೋಟಮ್. ರೋಟಮ್ ಕೈಯಲ್ಲಿ ಥಂಡರ್‌ಬೋಲ್ಟ್ ಅನ್ನುವ ವಿದ್ಯುತ್ ಮೂವ್ ಇದೆ. ಗ್ಯಾರಡೋಸ್‌ಗೆ ಇದಕ್ಕಿಂತ ಕೆಟ್ಟ ಪರಿಸ್ಥಿತಿ ಬೇಕಿಲ್ಲ.

ಎದುರಾಳಿ ಇಬ್ಬರ ಏಟನ್ನೂ ಗ್ಯಾರಡೋಸ್ ಮೇಲೆ ಗುರಿ ಇಡುತ್ತಾನೆ. ನಾವು ಪಾಚಿರಿಸುಗೆ ಫಾಲೋ ಮಿ, ಗ್ಯಾರಡೋಸ್‌ಗೆ ಬಲ ಏರಿಸಿಕೊಳ್ಳುವ ಡ್ರ್ಯಾಗನ್ ಡ್ಯಾನ್ಸ್ ಆರಿಸುತ್ತೇವೆ. ಟರ್ನ್ ಶುರು. ಮೊದಲು ಫಾಲೋ ಮಿ. ಆಮೇಲೆ ಗಾರ್ಚಾಂಪ್ ಡ್ರ್ಯಾಗನ್ ಕ್ಲಾ ಬೀಸುತ್ತದೆ. ಅದು ತಿರುಗಿ ಪಾಚಿರಿಸುಗೆ ಬೀಳುತ್ತದೆ. ತಡೆದುಕೊಳ್ಳುವ ಹಾಗೆ ಬೆಳೆಸಿದ ಪಾಚಿರಿಸು ಆದರೆ ನೋವಾಗುತ್ತದೆ, ನಿಲ್ಲುತ್ತದೆ. ಮುಂದೆ ರೋಟಮ್ ಥಂಡರ್‌ಬೋಲ್ಟ್. ಅದೂ ತಿರುಗುತ್ತದೆ. ಆದರೆ ಪಾಚಿರಿಸುಗೆ ವೋಲ್ಟ್ ಅಬ್ಸಾರ್ಬ್ ಅನ್ನುವ ಗುಣ ಇದ್ದರೆ ವಿದ್ಯುತ್ ಏಟು ಅದನ್ನು ನೋಯಿಸುವುದೇ ಇಲ್ಲ. ಬದಲಿಗೆ ಅದರ ಪೂರ್ತಿ ಎಚ್‌ಪಿಯ, ಅಂದರೆ ಜೀವಬಲದ, ಕಾಲು ಭಾಗ ವಾಪಸ್ ಬರುತ್ತದೆ! ಗ್ಯಾರಡೋಸ್‌ನ ಸಾವಿಗೆ ಅಂತ ಬಂದ ಏಟು ಪಾಚಿರಿಸುಗೆ ಔಷಧಿ ಆಯಿತು. ಕೊನೆಗೆ ಗ್ಯಾರಡೋಸ್ ಆರಾಮಾಗಿ ಡ್ರ್ಯಾಗನ್ ಡ್ಯಾನ್ಸ್ ಮುಗಿಸುತ್ತದೆ. ಅದರ ಏಟಿನ ಬಲವೂ ವೇಗವೂ ಒಂದೂವರೆ ಪಟ್ಟು. ಮುಂದಿನ ಟರ್ನ್‌ನಿಂದ ಕಣ ಅದರದ್ದೇ.

ಇದೇ ಟರ್ನ್‌ನಲ್ಲಿ ಗಾರ್ಚಾಂಪ್ ಅರ್ಥ್‌ಕ್ವೇಕ್ ಬಳಸಿದ್ದರೆ? ಅದು ಸುತ್ತ ಇರುವ ಎಲ್ಲರಿಗೂ ತಗುಲುವ ಮೂವ್. ಪಾಚಿರಿಸುಗೆ ಎರಡು ಪಟ್ಟು ಬೀಳುತ್ತದೆ, ಸತ್ತೇ ಹೋಗಬಹುದು. ಹಾಗೆ ಸತ್ತರೆ ಅದರ ಜೊತೆ ಫಾಲೋ ಮಿಯೂ ಹೋಯಿತು, ಥಂಡರ್‌ಬೋಲ್ಟ್ ನೇರ ಗ್ಯಾರಡೋಸ್‌ಗೆ ಬೀಳುತ್ತದೆ. ಪಾಚಿರಿಸು ಒಂದಿಷ್ಟು ಎಚ್‌ಪಿ ಉಳಿಸಿಕೊಂಡು ನಿಂತರೆ ಮಾತ್ರ ಪ್ಲಾನ್ ಉಳಿಯುತ್ತದೆ. ರಾಕ್ ಸ್ಲೈಡ್ ಬಳಸಿದ್ದರೆ ಇನ್ನೊಂದು ಥರ. ಅದು ಎದುರಿನ ಇಬ್ಬರಿಗೂ ಬೀಳುತ್ತದೆ, ಗ್ಯಾರಡೋಸ್‌ಗೆ ಎರಡು ಪಟ್ಟು, ಜೊತೆಗೆ ಬೆಚ್ಚಿಬೀಳುವ ಸಾಧ್ಯತೆ 30 ಪರ್ಸೆಂಟ್. ಬೆಚ್ಚಿಬಿದ್ದರೆ ಡ್ರ್ಯಾಗನ್ ಡ್ಯಾನ್ಸ್ ಇಲ್ಲ. ಒಂದು ಟರ್ನ್ ಒಳಗೆ ಇಷ್ಟು ಕವಲು ಇವೆ. ಗಮನ ಸೆಳೆಯುವ ಮೂವ್ ಇರುವ ಕಡೆಯೆಲ್ಲ ಹೀಗೆ ಒಂದೊಂದು ಆಯ್ಕೆಗೂ ತೂಕ ಬರುತ್ತದೆ.

ಪಾಚಿರಿಸು ಉದಾಹರಣೆ ಸುಮ್ನೆ ತೆಗೆದುಕೊಂಡದ್ದಲ್ಲ. 2014ರಲ್ಲಿ ವಾಷಿಂಗ್ಟನ್ ಡಿ.ಸಿ.ಯಲ್ಲಿ ನಡೆದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ದಕ್ಷಿಣ ಕೊರಿಯಾದ ಸೆ ಜುನ್ ಪಾರ್ಕ್ ತಮ್ಮ ತಂಡದಲ್ಲಿ ಪಾಚಿರಿಸು ಇಟ್ಟುಕೊಂಡು ಗೆದ್ದರು. ಅದರ ಕೆಲಸ ಫಾಲೋ ಮಿ. ಪಕ್ಕದಲ್ಲಿ ಗ್ಯಾರಡೋಸ್. ಅವರ ಗೆಲುವಿನ ಬಗ್ಗೆ ಜನ ಮಾತಾಡುವಾಗ ಮುದ್ದಾದ ಅಳಿಲು ದೈತ್ಯರನ್ನು ಸೋಲಿಸಿತು ಅಂತಾರೆ. ನನಗೆ ಹಾಗೆ ಹೇಳಿದರೆ ಕಡಿಮೆ ಆಯಿತು ಅನ್ನಿಸುತ್ತದೆ. ಪಾಚಿರಿಸು ಅಲ್ಲಿ ಇದ್ದದ್ದು ಮುದ್ದಾಗಿದೆ ಅಂತ ಅಲ್ಲ. ಫಾಲೋ ಮಿ ಮತ್ತು ವೋಲ್ಟ್ ಅಬ್ಸಾರ್ಬ್ ಒಂದೇ ದೇಹದಲ್ಲಿ ಇರುವುದು ಅಪರೂಪ. ಗ್ಯಾರಡೋಸ್ ಹೆದರುವುದು ಯಾವುದಕ್ಕೋ ಅದನ್ನೇ ಕುಡಿದು ಬದುಕುವ ಜೊತೆಗಾರ ಬೇಕಿತ್ತು. ಅದನ್ನು ಕಂಡುಹಿಡಿದದ್ದು ಪಾರ್ಕ್ ಅವರ ಜಾಣತನ.

ಇನ್ನೊಂದು ಜೋಡಿ ನನಗೆ ಅಷ್ಟೇ ಇಷ್ಟ. ಹೆಣ್ಣು ಇಂಡೀಡಿ ಮತ್ತು ಹ್ಯಾಟರೀನ್. ಹ್ಯಾಟರೀನ್ ತುಂಬಾ ನಿಧಾನ. ಅದಕ್ಕೆ ಟ್ರಿಕ್ ರೂಮ್ ಬೇಕು. ಟ್ರಿಕ್ ರೂಮ್ ಹಾಕಿದರೆ ನಿಧಾನದವರು ಮೊದಲು, ವೇಗದವರು ಕೊನೆಗೆ. ಆದರೆ ಟ್ರಿಕ್ ರೂಮ್ ಆದ್ಯತೆ -7. ಅಂದರೆ ಆ ಟರ್ನ್‌ನಲ್ಲಿ ಎಲ್ಲರೂ ಹೊಡೆದು ಮುಗಿಸಿದ ಮೇಲೆ ಅದರ ಪಾಳಿ. ಅಲ್ಲಿಯವರೆಗೆ ಹ್ಯಾಟರೀನ್ ಬದುಕಿರಬೇಕು. ಎದುರಾಳಿಗೂ ಇದು ಗೊತ್ತು. ಅವನು ಮಾಡುವ ಮೊದಲ ಕೆಲಸವೇ ಇಬ್ಬರಿಂದಲೂ ಹ್ಯಾಟರೀನ್‌ಗೆ ಹೊಡೆಸುವುದು. ಆಗ ಇಂಡೀಡಿ ಫಾಲೋ ಮಿ ಬಳಸುತ್ತದೆ. ಫೇಕ್ ಔಟ್ ಭಯ ಇಲ್ಲವಾ? ಇಲ್ಲ. ಇಂಡೀಡಿಯ ಸೈಕಿಕ್ ಸರ್ಜ್ ಗುಣದಿಂದ ಅದು ಕಣಕ್ಕೆ ಇಳಿದ ಕೂಡಲೇ ಸೈಕಿಕ್ ಟೆರೇನ್ ಅನ್ನುವ ಪರಿಣಾಮ ಕಣದ ತುಂಬ ಹರಡುತ್ತದೆ. ಅದು ಇರುವಷ್ಟು ಹೊತ್ತು ನೆಲದ ಮೇಲೆ ನಿಂತವರಿಗೆ ಎದುರಾಳಿಯ ಆದ್ಯತೆ ಇರುವ ಮೂವ್ ತಗುಲುವುದಿಲ್ಲ. ಫೇಕ್ ಔಟ್ ಅಲ್ಲೇ ನಿಂತುಹೋಯಿತು. ಗಂಡು ಇಂಡೀಡಿಗೆ ಫಾಲೋ ಮಿ ಕಲಿಯಲು ಆಗಲ್ಲ, ಹಾಗಾಗಿ ಡಬಲ್ಸ್‌ನಲ್ಲಿ ಕಾಣುವುದು ಜಾಸ್ತಿ ಹೆಣ್ಣೇ.

ಟಾಂಟ್ ಬಳಸಿ ಇದನ್ನು ನಿಲ್ಲಿಸಬಹುದಲ್ಲ ಅಂತ ಕೇಳಬಹುದು. ಟಾಂಟ್ ಬಿದ್ದವನು ಕೆಲವು ಟರ್ನ್ ನೇರ ಏಟು ಮಾತ್ರ ಕೊಡಬಹುದು, ಫಾಲೋ ಮಿಯಂಥದ್ದು ಬಳಸೋಕೆ ಆಗಲ್ಲ. ಆದರೆ ಟಾಂಟ್ ಮಾಮೂಲಿ ಆದ್ಯತೆಯದ್ದು. ಅದು ಬರುವ ಹೊತ್ತಿಗೆ ಫಾಲೋ ಮಿ ಆಗಲೇ ಜಾರಿಯಲ್ಲಿದೆ. ಟಾಂಟ್ ಕೂಡ ಗಮನ ಸೆಳೆದವನ ಕಡೆಗೇ ಎಳೆಯಲ್ಪಡುತ್ತದೆ. ಮುಂದಿನ ಟರ್ನ್‌ಗೆ ಅದು ಕೆಲಸಕ್ಕೆ ಬರಬಹುದು, ಈ ಟರ್ನ್‌ಗೆ ಇಲ್ಲ. ಬಹಳ ಸಲ ಆ ಒಂದು ಟರ್ನ್ ಸಾಕು. ಎನ್ಕೋರ್ ಇನ್ನೂ ಕಾಟದ್ದು. ಅದು ಬಿದ್ದರೆ ಫಾಲೋ ಮಿಯನ್ನೇ ಮತ್ತೆ ಮತ್ತೆ ಬಳಸುತ್ತಾ ಇರಬೇಕು. ಪ್ರೊಟೆಕ್ಟ್ ಕೂಡ ಮಾಡಿಕೊಳ್ಳೋಕೆ ಆಗಲ್ಲ.

ರೇಜ್ ಪೌಡರ್ ಫಾಲೋ ಮಿಯ ಸೋದರಸಂಬಂಧಿ. 2010ರಲ್ಲಿ ಬ್ಲ್ಯಾಕ್ ಮತ್ತು ವೈಟ್ ಆಟಗಳಲ್ಲಿ ಬಂತು. ಕೆಲಸ ಒಂದೇ, ಆದರೆ ಇದು ಪುಡಿ ಎರಚಿ ಕೆರಳಿಸುವ ಮೂವ್. 2013ರಿಂದ ಹುಲ್ಲು ಜಾತಿಯವರಿಗೆ ಪುಡಿ ಹತ್ತುವುದಿಲ್ಲ. ಸೇಫ್ಟಿ ಗಾಗಲ್ಸ್ ಹಾಕಿಕೊಂಡವರಿಗೂ ಇಲ್ಲ. ಇವರು ರೇಜ್ ಪೌಡರನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ತಮಗೆ ಬೇಕಾದವನಿಗೆ ಹೊಡೆಯುತ್ತಾರೆ. ಇದನ್ನು ಎಲ್ಲರಿಗಿಂತ ಚೆನ್ನಾಗಿ ಬಳಸುವುದು ಅಮೂಂಗಸ್ ಅನ್ನುವ ಅಣಬೆ. ದೊಡ್ಡ ದೇಹ, ವೇಗ ಬರೀ 30. ಕೈಯಲ್ಲಿ ಸ್ಪೋರ್ ಬೇರೆ ಇದೆ, ತಗುಲಿದವನು ತಪ್ಪದೆ ನಿದ್ದೆಗೆ ಬೀಳುತ್ತಾನೆ. ರೀಜನರೇಟರ್ ಗುಣ ಇದ್ದರೆ ಕಣದಿಂದ ಹಿಂದೆ ಸರಿದಾಗ ಮೂರನೇ ಒಂದು ಭಾಗ ಎಚ್‌ಪಿ ತುಂಬಿಕೊಳ್ಳುತ್ತದೆ. ಏಟು ತಿಂದು, ಹಿಂದೆ ಹೋಗಿ, ಸುಧಾರಿಸಿಕೊಂಡು ಮತ್ತೆ ಬಂದು ಏಟು ತಿನ್ನುತ್ತದೆ.

ಇಲ್ಲಿ ಒಂದು ಚಂದದ ತಿರುವು ಇದೆ. ಎದುರಿನ ಸ್ಮಿಯರ್ಗಲ್ ನಮ್ಮ ಜೊತೆಗಾರನ ಮೇಲೆ ಸ್ಪೋರ್ ಎಸೆದರೆ ಅಮೂಂಗಸ್ ಅದನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಹುಲ್ಲು ಜಾತಿ ಆದ್ದರಿಂದ ಅದಕ್ಕೆ ನಿದ್ದೆ ಹತ್ತಲ್ಲ. ಪೂರ್ತಿ ನಷ್ಟ ಎದುರಾಳಿಗೆ. ಆದರೆ ಎದುರಿಗೂ ಅಮೂಂಗಸ್ ಇದ್ದರೆ? ಅದೂ ಹುಲ್ಲು ಜಾತಿ. ನಮ್ಮ ಪುಡಿ ಅದಕ್ಕೆ ಹತ್ತಲ್ಲ. ಅದು ನೇರವಾಗಿ ನಮ್ಮ ಜೊತೆಗಾರನನ್ನು ಮಲಗಿಸುತ್ತದೆ. ತನ್ನಂಥವನನ್ನೇ ತಡೆಯಲು ಆಗದ ಕಾವಲುಗಾರ. ಆಟ ರೂಪಿಸಿದವರ ಮೇಲೆ ಗೌರವ ಹುಟ್ಟುವುದು ಇಂಥ ಜಾಗದಲ್ಲಿ.

ಮೂವ್ ಬಳಸದೇ ಗಮನ ಸೆಳೆಯುವವರೂ ಇದ್ದಾರೆ. ಲೈಟ್ನಿಂಗ್ ರಾಡ್ ಗುಣ ಇರುವವರು ವಿದ್ಯುತ್ ಏಟನ್ನೂ, ಸ್ಟಾರ್ಮ್ ಡ್ರೇನ್ ಗುಣ ಇರುವವರು ನೀರಿನ ಏಟನ್ನೂ ತಾವಾಗಿಯೇ ಎಳೆದುಕೊಳ್ಳುತ್ತಾರೆ. ಟರ್ನ್ ಖರ್ಚಾಗುವುದಿಲ್ಲ. ಮೊದಮೊದಲು ಇವರು ಏಟು ಎಳೆದುಕೊಂಡು ನೋವೂ ತಿನ್ನುತ್ತಿದ್ದರು. 2010ರ ಆಟಗಳಿಂದ ಆ ಏಟು ಇವರಿಗೆ ತಗುಲುವುದಿಲ್ಲ, ಜೊತೆಗೆ ಸ್ಪೆಷಲ್ ಅಟ್ಯಾಕ್ ಅನ್ನುವ ಬಲ ಒಂದು ಹಂತ ಏರುತ್ತದೆ. ಸ್ಟಾರ್ಮ್ ಡ್ರೇನ್ ಇರುವ ಗ್ಯಾಸ್ಟ್ರೋಡಾನ್ ಪಕ್ಕದಲ್ಲಿ ಇದ್ದರೆ ಬೆಂಕಿ ಜಾತಿಯ ಜೊತೆಗಾರ ಹೈಡ್ರೋ ಪಂಪ್‌ನಂಥ ನೀರಿನ ಏಟಿಗೆ ಹೆದರಬೇಕಿಲ್ಲ. ಆದರೆ ಕಯೋಗರ್ ವಾಟರ್ ಸ್ಪೌಟ್ ಬಿಟ್ಟರೆ ಕಥೆ ಬೇರೆ. ಅದು ಇಬ್ಬರಿಗೂ ಬೀಳುವ ಮೂವ್, ಎಳೆದುಕೊಳ್ಳೋಕೆ ಆಗಲ್ಲ. ಗ್ಯಾಸ್ಟ್ರೋಡಾನ್ ಒದ್ದೆಯೂ ಆಗದೆ ನಿಂತಿರುತ್ತದೆ, ಪಕ್ಕದವನು ಕೊಚ್ಚಿಹೋಗಿರುತ್ತಾನೆ.

ಇಬ್ಬರಿಗೂ ಬೀಳುವ ಮೂವ್‌ಗಳೇ ಈ ತಂತ್ರದ ಸಹಜ ಶತ್ರು. ಹೀಟ್ ವೇವ್, ರಾಕ್ ಸ್ಲೈಡ್, ಅರ್ಥ್‌ಕ್ವೇಕ್ ಎಲ್ಲ ಈ ಗುಂಪು. ಹಂಚಿ ಬೀಳುವುದರಿಂದ ಒಬ್ಬೊಬ್ಬರಿಗೆ ಮುಕ್ಕಾಲು ಭಾಗ ಬಲ ಮಾತ್ರ. ಅದಕ್ಕೆ ಉತ್ತರವಾಗಿ ಕ್ಲೆಫೇರಿ ಇದೆ. ವಿಕಾಸವಾಗಿ ಕ್ಲೆಫೇಬಲ್ ಆದರೆ ಸಾಮರ್ಥ್ಯ ಜಾಸ್ತಿ, ಆದರೂ ಡಬಲ್ಸ್‌ನಲ್ಲಿ ಜನ ಕ್ಲೆಫೇರಿಯನ್ನೇ ತರುತ್ತಾರೆ. ಕಾರಣ ಫ್ರೆಂಡ್ ಗಾರ್ಡ್. ಪಕ್ಕದವನಿಗೆ ಬೀಳುವ ಏಟಿನಲ್ಲಿ ಕಾಲು ಭಾಗ ಕಡಿಮೆ ಮಾಡುತ್ತದೆ. ಈ ಗುಣ ಕ್ಲೆಫೇಬಲ್‌ಗೆ ಇಲ್ಲ. ನೇರ ಏಟನ್ನು ಫಾಲೋ ಮಿ ನೋಡಿಕೊಳ್ಳುತ್ತದೆ, ಹಂಚಿ ಬೀಳುವ ಏಟನ್ನು ಫ್ರೆಂಡ್ ಗಾರ್ಡ್ ತೆಳುವಾಗಿಸುತ್ತದೆ. ಇನ್ನೂ ವಿಕಾಸವಾಗದವರಿಗೆ ಕೆಲಸ ಮಾಡುವ ಎವಿಯೋಲೈಟ್ ಅನ್ನುವ ವಸ್ತು ಕೊಟ್ಟರೆ ಅದರ ಎರಡೂ ಬಗೆಯ ರಕ್ಷಣೆ ಒಂದೂವರೆ ಪಟ್ಟು. ಇನ್ನು ಡ್ರ್ಯಾಗನ್ ಏಟುಗಳಂತೂ ಕ್ಲೆಫೇರಿಗೆ ತಗುಲುವುದೇ ಇಲ್ಲ.

2019ರ ಸ್ವೋರ್ಡ್ ಮತ್ತು ಶೀಲ್ಡ್ ಆಟಗಳಲ್ಲಿ ಗಮನ ಸೆಳೆಯುವುದನ್ನು ಪೂರ್ತಿ ಕಡೆಗಣಿಸುವವರನ್ನೂ ತಂದರು. ಇಂಟೆಲಿಯಾನ್‌ನ ಸ್ನೈಪ್ ಶಾಟ್ ಮೂವ್, ಡುರಲ್ಯುಡಾನ್‌ನ ಸ್ಟಾಲ್‌ವರ್ಟ್ ಗುಣ. ಇವರು ಗುರಿ ಇಟ್ಟವನಿಗೇ ಹೊಡೆಯುತ್ತಾರೆ. ನನಗೆ ಇವು ಅಷ್ಟು ರುಚಿಸುವುದಿಲ್ಲ. ಫೇಕ್ ಔಟ್‌ನಿಂದ ತಡೆಯುವಾಗ ಇಬ್ಬರೂ ಯೋಚಿಸಬೇಕು. ಇಲ್ಲಿ ಯೋಚನೆಯೇ ಬೇಕಿಲ್ಲ.

ಕಂಪ್ಯೂಟರ್ ನಡೆಸುವ ಶತ್ರುಗಳಿರುವ ಎಷ್ಟೋ ಆಟಗಳಲ್ಲಿ ಗುರಾಣಿ ಹಿಡಿದ ಯೋಧ ಶತ್ರುವನ್ನು ಕೆಣಕಿ ತನ್ನ ಕಡೆ ತಿರುಗಿಸುತ್ತಾನೆ. ಅಲ್ಲಿ ಶತ್ರು ಸುಮ್ನೆ ಪಾಲಿಸುತ್ತದೆ. ಮನುಷ್ಯರ ಎದುರು ಆಡುವಾಗ ಹಾಗಲ್ಲ. ವಿಶ್ವ ಚಾಂಪಿಯನ್‌ಶಿಪ್ ಮಾದರಿಯಲ್ಲಿ ಆಟಕ್ಕೆ ಮುಂಚೆ ಇಬ್ಬರೂ ತಮ್ಮ ಆರು ಪೊಕೆಮಾನ್ ತೋರಿಸಬೇಕು. ಅದರಲ್ಲಿ ನಾಲ್ಕನ್ನು ಆರಿಸಿ ಆಡಬೇಕು. ಆ ಆರರಲ್ಲಿ ಕ್ಲೆಫೇರಿ ಕಂಡ ಕ್ಷಣದಿಂದ ಎದುರಾಳಿಯ ಯೋಚನೆ ಬದಲಾಗುತ್ತದೆ. ಫೇಕ್ ಔಟ್ ಇರುವವನನ್ನು ಮೊದಲು ಇಳಿಸಲಾ? ಹಂಚಿ ಹೊಡೆಯುವವನನ್ನು ತರಲಾ? ಮೊದಲ ಏಟಿಗೆ ಕ್ಲೆಫೇರಿಯನ್ನು ಕೆಡವಿದರೆ ಎರಡನೇ ಏಟು ಮೊದಲು ಗುರಿ ಇಟ್ಟವನಿಗೇ ಹೋಗುತ್ತದೆ, ಅಷ್ಟು ಬಲ ನನ್ನ ಬಳಿ ಇದೆಯಾ? ನಾವು ಕ್ಲೆಫೇರಿಯನ್ನು ಕಣಕ್ಕೆ ಇಳಿಸದಿದ್ದರೂ ಈ ಪ್ರಶ್ನೆಗಳು ಅವನ ತಲೆಯಲ್ಲಿ ಓಡುತ್ತಿರುತ್ತವೆ.

ಇಳಿಸಿದ ಮೇಲೂ ಫಾಲೋ ಮಿ ಬಳಸಲೇಬೇಕು ಅಂತಿಲ್ಲ. ಎದುರಾಳಿ ಈಗ ಖಂಡಿತ ಫಾಲೋ ಮಿ ಬರುತ್ತದೆ ಅಂದುಕೊಂಡು ಇಬ್ಬರಿಂದಲೂ ಕ್ಲೆಫೇರಿಗೇ ಹೊಡೆಸುತ್ತಾನೆ. ಅದೇ ಟರ್ನ್ ನಾವು ಕ್ಲೆಫೇರಿಗೆ ಪ್ರೊಟೆಕ್ಟ್ ಆರಿಸಿದ್ದರೆ ಎರಡೂ ಏಟು ಗಾಳಿಗೆ ಹೋದವು. ಪಕ್ಕದವನು ಯಾರ ಅಡ್ಡಿಯೂ ಇಲ್ಲದೆ ತನ್ನ ಕೆಲಸ ಮುಗಿಸಿದ. ಫಾಲೋ ಮಿ ಬಳಸದೆಯೇ ಫಾಲೋ ಮಿಯ ಲಾಭ ಸಿಕ್ಕಿತು. ನಾನು ನೋಡಿದ ಒಳ್ಳೆಯ ಆಟಗಾರರು ಈ ಎರಡನ್ನೂ ಅದಲುಬದಲು ಮಾಡುತ್ತಲೇ ಇರುತ್ತಾರೆ. ಒಂದೇ ಹದದಲ್ಲಿ ಆಡಿದರೆ ಎದುರಾಳಿ ಬೇಗ ಓದಿಬಿಡುತ್ತಾನೆ.

ಕಡೆಗೆ ಒಂದು ವಿಷಯದಲ್ಲಿ ನನಗೆ ಗಟ್ಟಿ ಅಭಿಪ್ರಾಯ ಇದೆ. ಗಮನ ಸೆಳೆಯುವವನನ್ನು ಜನ ಅಗತ್ಯಕ್ಕಿಂತ ಜಾಸ್ತಿ ಹೊತ್ತು ಉಳಿಸಿಕೊಳ್ಳುತ್ತಾರೆ. ಟ್ರಿಕ್ ರೂಮ್ ಬಿದ್ದಾಯಿತು, ಗ್ಯಾರಡೋಸ್ ಡ್ಯಾನ್ಸ್ ಮುಗಿಸಿತು. ಇನ್ನೂ ಇವನನ್ನು ಕಾಪಾಡುತ್ತಾ ಕೂತರೆ ಟ್ರಿಕ್ ರೂಮ್‌ನ ಟರ್ನ್‌ಗಳು ಖರ್ಚಾಗುತ್ತವೆ. ಅದು ಹಾಕಿದ ಟರ್ನ್ ಸೇರಿ ಐದೇ ಟರ್ನ್ ಇರುವುದು. ಉಳಿದ ನಾಲ್ಕರಲ್ಲಿ ಇಬ್ಬರೂ ಹೊಡೆಯುತ್ತಿರಬೇಕು. ಇಂಡೀಡಿ ಇನ್ನೊಂದು ಸಲ ಫಾಲೋ ಮಿ ಬಳಸಿ ಬಿದ್ದರೆ ಬೀಳಲಿ. ಆ ಟರ್ನ್ ಮುಗಿದ ಮೇಲೆ ಅದರ ಜಾಗಕ್ಕೆ ಇನ್ನೊಬ್ಬ ಭಾರಿ ಹೊಡೆತದವನು ಒಂದೂ ಏಟು ತಿನ್ನದೆ ಇಳಿಯುತ್ತಾನೆ. ಅದೇ ಇಂಡೀಡಿಯನ್ನು ನಾವಾಗಿ ವಾಪಸ್ ಕರೆದರೆ ಬರುವವನು ಇಳಿಯುತ್ತಲೇ ಏಟು ತಿನ್ನಬೇಕಾಗುತ್ತದೆ. ತಂಡ ಕಟ್ಟುವಾಗಲೇ ಇಂಡೀಡಿ ಬಿದ್ದ ಮೇಲೆ ಯಾರು ಬರಬೇಕು ಅಂತ ನಾನು ಮೊದಲು ತೀರ್ಮಾನ ಮಾಡುತ್ತೇನೆ. ಆ ಜಾಗಕ್ಕೆ ನಿಧಾನದ, ಒಂದೇ ಏಟಿಗೆ ಎದುರಿನ ಇಬ್ಬರನ್ನೂ ಅಲ್ಲಾಡಿಸುವವನು ಬೇಕು. ಟೊರ್ಕೋಲ್ ಇದಕ್ಕೆ ಸರಿಯಾದ ಆಯ್ಕೆ. ಅದರ ವೇಗ 20, ಇಳಿಯುತ್ತಲೇ ಡ್ರೌಟ್ ಗುಣದಿಂದ ಬಿಸಿಲು ಬರುತ್ತದೆ, ಇಬ್ಬರಿಗೂ ಬೀಳುವ ಅದರ ಎರಪ್ಶನ್ ಮೂವ್ ಪೂರ್ತಿ ಬಲದಲ್ಲಿ ಬೀಳಬೇಕಾದರೆ ಎಚ್‌ಪಿ ತುಂಬಿರಬೇಕು. ಏಟು ತಿನ್ನದೆ ಇಳಿದ ಟೊರ್ಕೋಲ್‌ಗೆ ಅದು ತುಂಬಿಯೇ ಇರುತ್ತದೆ.